ಈಚಲ ಬನದ ಆಯಿ

ಹೋದ ವಾರ ಯಾದಗಿರಿ ಸ್ಟೇಷನ್ನಿನಲ್ಲಿ ಗಾಡಿಗೆ ಕಾಯುತ್ತ ಕೂತಿದ್ದೆ. ದೋರನಹಳ್ಳಿಯ ಪರಿಚಯದ ರೈತನೊಬ್ಬ ಎದುರಿಗೆ ಬಂದು ನಿಂತು, ಅರಾಮ ಇದ್ದೀರೇನು ಅಂತ ಕೇಳುವುದಕ್ಕೂ ಮೊದಲೇ, "ಮಾಸ್ತರ್ರ, ಸೇಂದಿ ಆಯಿ ಹೋದ್ಳ್ರಿ" ಅಂದ. ಗಾಡಿ ಬಂತು, ನಿಂತಿತು, ಹೋಯಿತು. ನಾನು ಹತ್ತಲಿಲ್ಲ. ದುಃಖದಿಂದ ಕಾಲು ಏಳಲಿಲ್ಲ ಅಂತ ಬರೆದರೆ ಚೆಂದ ಕಾಣುತ್ತದೆ, ಆದರೆ ಅದು ಸುಳ್ಳು. ಆಕೆಯ ಬಗ್ಗೆ ಮಾತಾಡಲು ಒಬ್ಬ ಮನುಷ್ಯ ಸಿಕ್ಕಿದ್ದ, ಅವನನ್ನು ಬಿಟ್ಟು ಹೋಗಲು ಮನಸ್ಸಾಗಲಿಲ್ಲ, ಅಷ್ಟೇ.

ಆಕೆಯ ಹೆಸರು ನನಗೆ ಗೊತ್ತು. ಇಲ್ಲಿ ಬರೆಯುವುದಿಲ್ಲ. "ಹೆಸರ ಬರಕೊಳ್ಳಾಕ ನಾ ಏನ್ ಕಳವು ಮಾಡೀನೇನು?" ಅಂತ ಆಬಕಾರಿ ದರೋಗಾನನ್ನೇ ಕೇಳಿದವಳು ಆಕೆ. ಸುತ್ತಿನ ಊರಿಗೆಲ್ಲ ಆಯಿ, ನನಗೂ ಆಯಿ.

ದೋರನಹಳ್ಳಿಯಿಂದ ಭೀಮೆಯ ಕಡೆ ಹೋಗುವ ಬಂಡಿ ದಾರಿ ಬಿಟ್ಟು, ಜೋಳದ ಹೊಲಗಳ ಬದುವಿನ ಮೇಲೆ ನಡೆದು, ಒಂದು ಹಳ್ಳಕ್ಕೆ ಇಳಿದರೆ ಅಲ್ಲಿ ಆಕೆಯ ಬನ. ದಾರಿ ಗೊತ್ತಿಲ್ಲದವರಿಗೆ ಸಿಗುವಂಥದ್ದಲ್ಲ. ಹಳ್ಳ ಬಾಗುವ ಕಡೆ ಎರಡೂ ದಂಡೆಗೆ ಈಚಲ ಗಿಡಗಳು, ಒಂದೂ ನೆಟ್ಟಗಿಲ್ಲ. ಒಂದು ವರ್ಷ ಗಿಡದ ಈ ಮಗ್ಗುಲು ಕೊಯ್ದು ಸೇಂದಿಯ ರಸ ಇಳಿಸಿದರೆ ಮರುವರ್ಷ ಆ ಮಗ್ಗುಲು ಕೊಯ್ಯಬೇಕು. ಹಾಗೆ ಕೊಯ್ದು ಕೊಯ್ದು ಗಿಡದ ಮೈಯೆಲ್ಲ ಮೆಟ್ಟಿಲು ಮೆಟ್ಟಿಲಾಗಿತ್ತು. ಕೆಳಗಿನ ಮೆಟ್ಟಿಲು ಮಾವನ ಕೈಯವು, ನಡುವಿನವು ಗಂಡನವು, ಮೇಲಿನವು ಇಬ್ಬರು ಗಂಡುಮಕ್ಕಳವು. ಗಂಡ ಇದೇ ಬನದಲ್ಲಿ ಗಿಡದಿಂದ ಬಿದ್ದು ಸತ್ತಿದ್ದ. ಯಾವ ಗಿಡ ಅನ್ನುವುದನ್ನು ಆಕೆ ಮಕ್ಕಳಿಗೆ ಹೇಳಿರಲಿಲ್ಲ. ಹೇಳಿದರೆ ಅದನ್ನು ಏರುವಾಗ ಅವರ ಕೈ ನಡುಗೀತು ಅಂತ.

ನನಗಾಗ ಇಪ್ಪತ್ತು ದಾಟಿ ಎರಡೋ ಮೂರೋ ವರ್ಷ. ನವಾಬರ ಆಳ್ವಿಕೆ ಕೊನೆಗಾಲಕ್ಕೆ ಬಂದಿತ್ತು, ಆದರೆ ಕೊನೆಗಾಲ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ರಂಗಂಪೇಟೆಯ ಲಿಂಗವಂತರ ಮನೆಯವನು ನಾನು, ದೋರನಹಳ್ಳಿಯ ಸರ್ಕಾರಿ ಸಾಲೆಯಲ್ಲಿ ಕನ್ನಡದ ಹುಡುಗರಿಗೆ ಉರ್ದುವಿನಲ್ಲಿ ಪಾಠ ಹೇಳುತ್ತಿದ್ದೆ. ಕುಡಿದವನೊಬ್ಬ ಮನೆಯ ಮುಂದೆ ಹಾದುಹೋದರೆ ನಮ್ಮವ್ವ ಬಾಗಿಲಿಗೆ ಸೆಗಣಿ ನೀರು ಹೊಡೆಯುತ್ತಿದ್ದಳು. ಅಂಥವಳ ಮಗನಿಗೆ ಕಾಮಾಲೆಯಾಯಿತು. ಕಾಮಾಲೆ ಹೋದರೂ ಮೈಯೊಳಗಿನ ಉರಿ ಹೋಗಲಿಲ್ಲ. ಶಹಾಪುರದ ಹಕೀಮರು ನಾಡಿ ಹಿಡಿದು ನೋಡಿ, ಬಿಸಿಲೇರುವ ಮೊದಲು ಗಿಡದ ಬುಡದಲ್ಲೇ ನಿಂತು ಹೊಸ ಸೇಂದಿ ಕುಡಿ, ಅದು ನಿಶೆಯಲ್ಲ, ಸಕ್ಕರೆ ನೀರು ಇದ್ದಂಗ, ಅಂದರು. ಹಕೀಮರಿಗೇನು, ಹೇಳಿಬಿಟ್ಟರು. ಕುಡಿಯಬೇಕಾದವನು ಮಾಸ್ತರ.

ಮೊದಲ ದಿನ ತಲೆಯ ಮೇಲೆ ಕಂಬಳಿ ಹೊದ್ದುಕೊಂಡು ಹೋದೆ. ಆಯಿ ಒಲೆಯ ಹೊಗೆಗೆ ಗಡಿಗೆಗಳನ್ನು ಬೋರಲು ಹಿಡಿದು ಕಾಯಿಸುತ್ತಿದ್ದಳು. ಸಣ್ಣ ಮೈ, ದೊಡ್ಡ ಮೂಗುತಿ, ಹಸಿರು ಇಳಕಲ್ಲ ಸೀರೆಯನ್ನು ಮೊಣಕಾಲ ಮೇಲಕ್ಕೆ ಕಚ್ಚೆ ಹಾಕಿದ್ದಳು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಮಾಸ್ತರ್ರ, ಕಂಬಳಿ ಹೊತ್ಕೊಂಡು ಬಂದ್ರ ಕಳ್ಳ ಅಂತಾರ. ಬರೇ ತಲಿಲೇ ಬಂದ್ರ ಸೇಂದಿ ಕುಡ್ಯಾಕ ಬಂದಾನ ಅಂತಾರ. ಯಾವ್ದು ಚಲೋ, ನೀವ ಹೇಳ್ರಿ."

ಕಂಬಳಿ ತೆಗೆದೆ. ದೊಡ್ಡ ಮಗ ಸಾಬಣ್ಣ ಆಗಷ್ಟೇ ಇಳಿಸಿದ ಗಡಿಗೆಯಿಂದ ಆಕೆ ಒಂದು ಗುಟುಕು ತಾನು ಕುಡಿದು, ಆಮೇಲೆ ಮುತ್ತಲ ಎಲೆಯ ದೊನ್ನೆಗೆ ನನಗೆ ಹಾಕಿದಳು. ಯಾವ ಗಡಿಗೆಯದೇ ಆಗಲಿ ಮೊದಲ ಗುಟುಕು ಆಕೆಯದು. ಬಂದವರ ಕಣ್ಣೆದುರಿಗೇ ಕುಡಿಯುತ್ತಿದ್ದಳು. ಬೇರೆ ಸೇಂದಿಖಾನೆಗಳಲ್ಲಿ ಏನೇನೋ ಬೆರೆಸಿ ಕುಡಿಸುತ್ತಿದ್ದ ಕಾಲ ಅದು, ಕುಡಿದವರು ಸಂಜೆಗೆ ನೆಲ ಹಿಡಿಯುತ್ತಿದ್ದರು. "ನನ್ನ ಹೊಟ್ಟಿಗಿ ಆಗಿಬಂದಿದ್ದು ಮಂದಿ ಹೊಟ್ಟಿಗೂ ಆಗತೈತಿ" ಅನ್ನುವುದು ಆಕೆಯ ಲೆಕ್ಕ. ಆ ದಿನದ ರಸದ ರುಚಿ ಇವತ್ತಿಗೂ ನಾಲಗೆಯ ಮೇಲಿದೆ. ತಂಪು, ಸವಿ, ಕೊನೆಗೆ ಒಂದಿಷ್ಟು ಹೊಗೆಯ ವಾಸನೆ. ಆ ಚಳಿಗಾಲವೆಲ್ಲ ಕಂಬಳಿಯಿಲ್ಲದೆ ಹೋದೆ. ಮೈ ಸುಧಾರಿಸಿದ ಮೇಲೂ ಹೋಗುವುದು ನಿಲ್ಲಿಸಲಿಲ್ಲ, ಅದಕ್ಕೆ ಹಕೀಮರ ಅಪ್ಪಣೆ ಇರಲಿಲ್ಲ.

ಮುಂಜಾನೆಯ ಸಿಹಿ ರಸ ಜಡ್ಡಿನವರಿಗೆ, ಬಾಣಂತಿಯರಿಗೆ. ಅದಕ್ಕೆ ಆಕೆ ಏನೂ ತಗೊಳ್ಳುತ್ತಿರಲಿಲ್ಲ. ಹೊತ್ತೇರಿದ ಹಾಗೆ ಗಡಿಗೆಯಲ್ಲಿ ನೊರೆ ಬಂದು ರಸ ಹುಳಿಯಾಗಿ ಬಿರುಸಾಗುತ್ತಿತ್ತು. ಹೊಲದ ಆಳುಗಳು, ಭೀಮೆಯಲ್ಲಿ ಬಲೆ ಬೀಸುವವರು, ಕುರಿಯವರು ಬರುತ್ತಿದ್ದುದು ಆಗ. ಅವರಿಗೆಲ್ಲ ಆಕೆಯ ಒಂದೇ ಪ್ರಶ್ನೆ: "ಮನ್ಯಾಗ ಒಲಿ ಹತ್ತೈತೇನೋ?" ಹೌದು ಅಂದವನಿಗೆ ದೊನ್ನೆ. ತಡವರಿಸಿದವನಿಗೆ ಗಡಿಗೆಯ ಬಾಯಿಗೆ ಕೈ ಅಡ್ಡ. ಒಮ್ಮೆ ಒಬ್ಬ ಬಲೆಗಾರ ಹತ್ತೈತಿ ಅಂತ ಸುಳ್ಳು ಹೇಳಿ ಕುಡಿದ. ಆಕೆ ಸೊಸೆ ನಿಂಗವ್ವನನ್ನು ಅವನ ಮನೆಗೆ ಕಳಿಸಿ ಖರೆಯೋ ಸುಳ್ಳೋ ನೋಡಿಸಿದಳು. ಮರುದಿನದಿಂದ ಅವನ ಹೆಂಡತಿಯೇ ಅವನ ಜೊತೆ ಬಂದು "ಹತ್ತೈತಿ ಆಯಿ" ಅಂತ ಸಾಕ್ಷಿ ಹೇಳುತ್ತಿದ್ದಳು, ಹೇಳಿ ತಾನೂ ಒಂದು ದೊನ್ನೆ ಕುಡಿದು ಹೋಗುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಉಳಿದದ್ದನ್ನೆಲ್ಲ ಹಳ್ಳಕ್ಕೆ ಚೆಲ್ಲುವುದು. ಚೆಲ್ಲುವಾಗ ಸಾಬಣ್ಣನ ಮುಖ ಹುಳ್ಳಗಾಗುತ್ತಿತ್ತು. "ನಿನ್ನಿಂದು ಇವತ್ತ ಕುಡ್ಸಿದ್ರ ನಾಳಿ ಬರವ್ರು ಯಾರೋ?" ಅಂತ ಆಕೆ ತಾನೇ ಗಡಿಗೆ ಬಗ್ಗಿಸುತ್ತಿದ್ದಳು.

ದರೋಗಾನ ಪ್ರಸಂಗ ಹೇಳದಿದ್ದರೆ ಆಕೆಯನ್ನು ಅರ್ಧ ಹೇಳಿದ ಹಾಗೆ. ಹೊಲ ಆಕೆಯ ಮನೆತನದ್ದು, ಗಿಡ ಹಚ್ಚಿದ್ದು ಆಕೆಯ ಅತ್ತೆ. ಆದರೆ ಗಿಡದೊಳಗಿನ ರಸ ಸರ್ಕಾರದ್ದು. ಸರ್ಕಾರ ಅದನ್ನು ಹರಾಜಿನಲ್ಲಿ ಶಹಾಪುರದ ಒಬ್ಬ ಗುತ್ತೇದಾರನಿಗೆ ಕೊಡುತ್ತಿತ್ತು, ಈಕೆ ಅವನ ಕೈಕೆಳಗೆ. ವರ್ಷಕ್ಕೊಮ್ಮೆ ದರೋಗಾ ಬಂದು ಸುಂಕದ ಲೆಕ್ಕಕ್ಕೆ ಗಿಡಗಳಿಗೆ ಬಣ್ಣದಲ್ಲಿ ನಂಬರು ಬರೆಸುತ್ತಿದ್ದ. ಒಮ್ಮೆ ಆತ ಚಾಪೆ ಹಾಸಿಸಿಕೊಂಡು ಕೂತು, ಗೆಳೆಯರಿಗೂ ತನಗೂ ಎರಡು ಗಡಿಗೆ ತರಲು ಹುಕುಂ ಮಾಡಿದ. ಆಯಿ ಬಾವಿಯಿಂದ ಎರಡು ಕೊಡ ನೀರು ತಂದು ಮುಂದಿಟ್ಟಳು.

"ಗಿಡದಾಗಿಂದು ಸರ್ಕಾರದ್ದು ಸಾಹೇಬ್ರ, ನಾ ಹೆಂಗ ಪುಕ್ಕಟ ಕೊಡ್ಲಿ? ಬಾವ್ಯಾಗಿಂದು ನಮ್ದು. ನಮ್ದನ್ನ ಎಷ್ಟ ಬೇಕಾದ್ರೂ ಕುಡೀರಿ."

ದರೋಗಾ ಕೆಟ್ಟ ಮನುಷ್ಯನಲ್ಲ, ನಕ್ಕುಬಿಟ್ಟ. ನೀರು ಕುಡಿದೇ ಎದ್ದ.

ಇದೆಲ್ಲ ಸುಖದ ದಿನಗಳ ಮಾತು. ಮರುವರ್ಷ ಚಳಿ ಬೀಳುವ ಹೊತ್ತಿಗೆ ನಮ್ಮ ಸೀಮೆಯ ಬಣ್ಣವೇ ಕೆಟ್ಟಿತು. ಉಳಿದ ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. ನವಾಬರ ಕಡೆಯ ಖಾಕಿ ತೊಟ್ಟ ಪುಂಡರ ದಂಡುಗಳು ಊರೂರು ತಿರುಗುತ್ತಿದ್ದವು. ಸರ್ಕಾರದ ಬೊಕ್ಕಸ ತುಂಬುತ್ತಿದ್ದುದೇ ಸೇಂದಿಯ ಆದಾಯದಿಂದ, ಅದನ್ನು ನಿಲ್ಲಿಸಬೇಕು ಅಂತ ಚಳವಳಿಯ ಹುಡುಗರು ಈಚಲ ಗಿಡ ಕಡಿಯಲು ಹೊರಟರು. ನಮ್ಮ ಕಡೆ ಅದಕ್ಕೆ ಮುಂದಾಳು ಶರಣಪ್ಪ. ನನ್ನ ಜೊತೆಗೇ ಸಾಲೆಯಲ್ಲಿ ಗಣಿತ ಹೇಳುತ್ತಿದ್ದವನು, ನೌಕರಿ ಬಿಟ್ಟು ಖಾದಿ ಟೊಪ್ಪಿಗೆ ಇಟ್ಟಿದ್ದ. ಒಳ್ಳೆಯ ಮನುಷ್ಯ, ನಗು ಮಾತ್ರ ಕಮ್ಮಿ. "ನಾಡಿದ್ದ ಮುಂಜಾನಿ ಆಯಿ ಬನಕ್ಕ ಹೊಂಟೀವಿ" ಅಂತ ನನಗೆ ಅವನೇ ಹೇಳಿದ.

ಸಾಲೆ ಬಿಟ್ಟವನೇ ಓಡಿದೆ. ಆಯಿ ಎಲ್ಲ ಕೇಳಿಸಿಕೊಂಡಳು.

"ಯಾಕ ಕಡೀತಾರಂತ?"

"ಸೇಂದಿ ರೊಕ್ಕ ಸರ್ಕಾರಕ್ಕ ಹೋಗತೈತಿ ಆಯಿ. ಅದ ರೊಕ್ಕ ಈ ಪುಂಡ್ರ ಕೈಗಿ ಕೋವಿ ಕೊಡತೈತಿ ಅಂತಾರ."

"ಖರೆ ಏನು?"

"ಖರೆ ಅಂತ ನನಗೂ ಅನಸ್ತೈತಿ."

ಆಕೆಯ ತವರಿನಲ್ಲಿ ಹಿಂದಿನ ತಿಂಗಳಷ್ಟೇ ಆ ದಂಡು ನುಗ್ಗಿ ಬಣವೆಗಳನ್ನು ಸುಟ್ಟಿತ್ತು. ಅಣ್ಣ ಮೈಸುಟ್ಟುಕೊಂಡು ಮಲಗಿದ್ದ. ಆಕೆ ಗಡಿಗೆಯ ಕಂಠ ಸವರಿದಳು.

"ಹಂಗಿದ್ರ ನಿಂದರಸ್ಲೇಬೇಕು" ಅಂದಳು. "ಆದ್ರ ಗಿಡ ಏನ್ ಮಾಡ್ಯಾವ ಮಾಸ್ತರ್ರ?"

ಆಕೆಗಿದ್ದದ್ದು ಆ ಗಿಡಗಳಷ್ಟೇ. ಹೊಲದಲ್ಲಿ ಬೇರೇನೂ ಬೆಳೆಯುತ್ತಿರಲಿಲ್ಲ, ಹಳ್ಳದ ಮಗ್ಗುಲಿನ ಚೌಳು ನೆಲ. ಒಂದು ಈಚಲು ಕೊಯ್ಲಿಗೆ ಬರಬೇಕಾದರೆ ಹಚ್ಚಿದವರ ಮಕ್ಕಳು ದೊಡ್ಡವರಾಗಿರುತ್ತಾರೆ. ಕಡಿದುಬಿಟ್ಟರೆ ಆಕೆಯ ಮೊಮ್ಮಕ್ಕಳು ದೊಡ್ಡವರಾಗುವವರೆಗೆ ಆ ಬನ ಏಳುತ್ತಿರಲಿಲ್ಲ.

ಆ ಮುಂಜಾನೆ ನಾನೂ ಹೋದೆ. ಹುಡುಗರು ಕೊಡಲಿ ಹೆಗಲಿಗಿಟ್ಟು ಹಾಡುತ್ತ ಬಂದರು. ಹಳ್ಳಕ್ಕೆ ಇಳಿಯುತ್ತಿದ್ದಂತೆ ಹಾಡು ನಿಂತಿತು. ಒಂದು ಗಿಡದ ಮೇಲೂ ಗಡಿಗೆ ಇರಲಿಲ್ಲ. ಎಲ್ಲವೂ ಗುಡಿಸಲ ಮುಂದೆ ಬೋರಲು ಬಿದ್ದಿದ್ದವು. ಪ್ರತಿ ಗಿಡದ ನೆತ್ತಿಯ ಹತ್ತಿರ, ರಸ ಇಳಿಯುವ ಗಾಯಕ್ಕೆ, ಮಣ್ಣು ಸೆಗಣಿ ಮೆತ್ತಿ ಮೇಲೆ ಹಸಿರು ಸೀರೆಯ ಚೂರು ಬಿಗಿದಿದ್ದಳು. ತನ್ನ ಇಳಕಲ್ಲ ಸೀರೆ ಸಾಲದೆ ನಿಂಗವ್ವನ ಮದುವೆಯ ಕೆಂಪು ಸೀರೆಯನ್ನೂ ಹರಿದಿದ್ದಳು. ಮಕ್ಕಳಿಬ್ಬರೂ ಹಿಂದಿನ ದಿನವೆಲ್ಲ ಗಿಡ ಏರಿ ಇಳಿದು ಸುಸ್ತಾಗಿ ಕೂತಿದ್ದರು.

"ಬಾ ಶರಣಪ್ಪ" ಅಂದಳು ಆಯಿ. "ನಿನಗ ಬೇಕಾಗಿದ್ದು ನವಾಬನ ರೊಕ್ಕ ನಿಂದರೂದು. ನಿಂತೈತಿ. ಗಾಯ ಕಟ್ಟೀನಿ. ಇನ್ನ ಹನಿ ಬರಂಗಿಲ್ಲ."

"ಇವತ್ತ ಕಟ್ಟಿ ನಾಳಿ ಬಿಚ್ಚಿದ್ರ ಆಯಿ?"

"ನಾ ಬಿಚ್ಚಂಗಿಲ್ಲ."

"ನೀ ಬಿಚ್ಚದಿದ್ರ ಗುತ್ತೇದಾರ ಬ್ಯಾರೆ ಗಿಡ ಏರವ್ರನ್ನ ತರ್ತಾನ. ಅವ್ರು ಬಿಚ್ತಾರ."

"ಗಿಡ ಏರೂ ಕುಲದಾಗ ಹುಟ್ಟಿದ ಯಾವ ಮಗನೂ ಇನ್ನೊಬ್ರು ಕಟ್ಟಿದ ಗಾಯ ಬಿಚ್ಚಂಗಿಲ್ಲಪ್ಪ. ಕಟ್ಟಿದವ್ರ ಬಿಚ್ಚಬೇಕು. ಅದು ನಮ್ಮ ಮಂದ್ಯಾಗಿನ ಕಟ್ಟುಪಾಡು." ಆಮೇಲೆ, "ಅಕಸ್ಮಾತ್ ಬಿಚ್ಚಿದ್ರ, ಮೊದಲ ಗಿಡಕ್ಕ ಕೊಡ್ಲಿ ನಾನ ಹಾಕ್ತೀನಿ. ನಿನಗ ದಣವ ಕೊಡಂಗಿಲ್ಲ" ಅಂದಳು.

ಶರಣಪ್ಪ ಅಷ್ಟು ಸುಲಭಕ್ಕೆ ಒಪ್ಪುವವನಲ್ಲ. ಹಿಂದಿನ ಹುಡುಗರು ಗೊಣಗಿದರು. ಅವನು ಆಕೆಯ ಮುಖ ನೋಡಿದ, ಗಿಡ ನೋಡಿದ. "ಒಂದು ಗಡಿಗಿ ಕಂಡ್ರೂ ಬರ್ತೀನಿ ಆಯಿ" ಅಂತ ಹೇಳಿ ಹಿಂದಿರುಗಿದ.

ನನಗೆ ಜೀವ ಬಂತು ಅಂದುಕೊಂಡರೆ, ಸಾಬಣ್ಣ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಅಂದ: "ಈ ಕಟ್ಟು ನಮ್ಮ ಸೀಮ್ಯಾಗ ನಡಸ್ತಾರ್ರಿ. ಗುರುಮಠಕಲ್ಲಿನ ಆಚಿಗೆ ತೆಲುಗು ಮಂದಿ ಹೆಂಗೋ ಯಾರಿಗೆ ಗೊತ್ತು. ಅವ್ವಗೂ ಗೊತ್ತಿಲ್ಲ."

ಗುತ್ತೇದಾರ ತಾನೇ ಬಂದ. ಯಾಕೆ ಗಡಿಗೆ ಇಳಿಸಿದಿ ಅಂತ ಗದರಿದ. "ಗಿಡಕ್ಕ ಅರಾಮಿಲ್ರಿ ಸಾವುಕಾರ್ರ" ಅಂತ ಆಕೆ ಮುಖ ಬಾಡಿಸಿ ಹೇಳಿದಳು. ಅವನು ಬೈದು ಹೋದ. ಹೋದವನು ಸಾಬಣ್ಣ ಅಂಜಿದ ಹಾಗೆಯೇ ಮಾಡಿದ. ಗುರುಮಠಕಲ್ಲಿನ ಆಚೆಯಿಂದ ಗಿಡ ಏರುವವರ ಒಂದು ಗುಂಪನ್ನು ನಡೆಸಿಕೊಂಡು ಕರೆತಂದ. ಸುದ್ದಿ ಶರಣಪ್ಪನಿಗೂ ಮುಟ್ಟಿತು. ಅವತ್ತು ನಾನು ಬನಕ್ಕೆ ಹೋದಾಗ ಈ ದಂಡೆಯಲ್ಲಿ ಗುತ್ತೇದಾರ ಮತ್ತು ಅವನ ಕೂಲಿಯವರು, ಆ ದಂಡೆಯಲ್ಲಿ ಕೊಡಲಿ ಹಿಡಿದ ಹುಡುಗರು. ನಡುವೆ ಆಯಿ. ಗುಡಿಸಲ ಗೋಡೆಗೆ ಆಕೆ ತನ್ನ ಮನೆಯ ಕೊಡಲಿಯನ್ನೂ ತೆಗೆದು ಆನಿಸಿಟ್ಟಿದ್ದಳು.

ಕೂಲಿಯವರಲ್ಲಿ ಹಿರಿಯನೊಬ್ಬ, ಬಿಳಿ ಮೀಸೆಯವನು, ಸೊಂಟಕ್ಕೆ ಹಗ್ಗ ಬಿಗಿದು ಮೊದಲ ಗಿಡ ಏರಿದ. ಅವನು ನೆತ್ತಿ ಮುಟ್ಟಿ, ಕುಡುಗೋಲು ತೆಗೆದು, ಇನ್ನೊಂದು ಕೈಯನ್ನು ಸೀರೆಯ ಚೂರಿನ ಮೇಲೆ ಇಟ್ಟ. ಕೈ ಅಲ್ಲೇ ನಿಂತಿತು.

"ಇದು ಯಾರು ಕಟ್ಟಿದ್ದು?" ಮೇಲಿನಿಂದಲೇ ಕೇಳಿದ. ತೆಲುಗು ಬೆರೆತ ಕನ್ನಡ.

"ನಾ ಕಟ್ಟೀನಿ" ಅಂದಳು ಆಯಿ.

"ಬಿಚ್ಚಲೇನಕ್ಕಾ?"

"ಬಿಚ್ಚಬ್ಯಾಡಪ್ಪ."

ಅವನು ಹಗ್ಗಕ್ಕೆ ಬೆನ್ನು ಕೊಟ್ಟು ಸ್ವಲ್ಪ ಹೊತ್ತು ಹಾಗೇ ಒರಗಿದ್ದ. ಆಮೇಲೆ ಕುಡುಗೋಲನ್ನು ಸೊಂಟಕ್ಕೆ ಸಿಗಿಸಿ ಇಳಿದ. ಗುತ್ತೇದಾರನ ಮುಂದೆ ನಿಂತು, "ನಮ್ಮಿಂದ ಆಗಲ್ಲ ದೊರೆ. ಕಟ್ಟಿದ ಗಾಯ" ಅಂದ. ಗುತ್ತೇದಾರ ಕೂಗಾಡಿದ. ನಡೆದು ಬಂದದ್ದಕ್ಕೂ ಏನೂ ಸಿಗುವುದಿಲ್ಲ, ಬರಿಗೈಲಿ ಹೋಗುತ್ತೀರಿ ಅಂತ ಹೆದರಿಸಿದ. ಹಿರಿಯ ತನ್ನವರ ಕಡೆ ನೋಡಿದ. ಎಲ್ಲರೂ ಬಡಕಲು ಮೈಯವರು, ಕಾಲು ಮಣ್ಣಾಗಿದ್ದವು. ಅವರಲ್ಲಿ ಒಬ್ಬನೂ ಹಗ್ಗ ಮುಟ್ಟಲಿಲ್ಲ, ನೆಲದ ಮೇಲೆ ಕೂತುಬಿಟ್ಟರು. ಯಾವುದೋ ಊರಿನವರು, ಆಕೆಯನ್ನು ಹಿಂದೆ ಕಂಡವರೂ ಅಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಹುಡುಗರು ನೋಡಿದರು, ನೋಡಲಿ.

ಆಯಿ ಅಳಲಿಲ್ಲ. ಆಕೆಗೆ ಬೇರೆ ಕೆಲಸ ಇತ್ತು.

"ನಿಂಗಿ, ಒಲಿ ಹಚ್ಚು. ಎಲ್ಲಾರಿಗೂ ರೊಟ್ಟಿ ತಟ್ಟು."

"ಅತ್ತಿ, ಈ ಬುಟ್ಟ್ಯಾಗಿಂದು ಬಿಟ್ರ ಮನ್ಯಾಗ ಬ್ಯಾರೆ ಹಿಟ್ಟಿಲ್ಲ" ಅಂತ ನಿಂಗವ್ವ ಕಿವಿಯಲ್ಲಿ ಅಂದಳು. ನಾನು ಹತ್ತಿರವಿದ್ದೆ, ಕೇಳಿಸಿತು.

"ಗೊತ್ತೈತಿ. ನಮ್ಮ ಸಲುವಾಗಿ ಕೂಲಿ ಬಿಟ್ಟಾರ. ಹಸ್ಗೊಂಡು ಹೋಗಬಾರ್ದು."

ರೊಟ್ಟಿ, ಕೆಂಪು ಖಾರ, ಬಾವಿಯ ನೀರು. ತೆಲುಗಿನವರು ಉಂಡರು. ಶರಣಪ್ಪನ ಹುಡುಗರನ್ನೂ ಆಕೆ ಕರೆದಳು. ಅವರು ಕೊಡಲಿಗಳನ್ನು ಹಳ್ಳದ ಆಚೆಯೇ ಬಿಟ್ಟು ಬಂದು ಸಾಲಾಗಿ ಕೂತರು. ಕೊನೆಗೆ ಒಂದು ರೊಟ್ಟಿ ಹಿಡಿದು, ಇನ್ನೂ ಬುಸುಗುಡುತ್ತಿದ್ದ ಗುತ್ತೇದಾರನ ಹತ್ತಿರ ಹೋದಳು. "ತಗೋರಿ ಸಾವುಕಾರ್ರ. ಹಸ್ದ ಹೊಟ್ಟಿಗಿ ಸಿಟ್ಟು ಜಾಸ್ತಿ." ಅವನು ತಗೊಳ್ಳಲಿಲ್ಲ, ಆದರೆ ಆ ಮೇಲೆ ಕೂಗಲೂ ಇಲ್ಲ. ಕುದುರೆ ಏರಿ ಹೋದ.

ಆಮೇಲಿನ ಬೇಸಿಗೆ ಆ ಮನೆ ಹೇಗೆ ಉಂಡಿತು ಅಂತ ವಿವರಿಸುವುದು ಬೇಡ. ಮಕ್ಕಳು ರಸ್ತೆಯ ಕಲ್ಲು ಒಡೆದರು, ಸೊಸೆ ಮಂದಿಯ ಹೊಲಕ್ಕೆ ಹೋದಳು, ಆಯಿ ಈಚಲ ಗರಿಯಿಂದ ಕಸಬರಿಗೆ ಕಟ್ಟಿ ದೋರನಹಳ್ಳಿಯ ಸಂತೆಗೆ ಹೊತ್ತಳು. ಹಳೆಯ ಗಿರಾಕಿಗಳು ಬೇಕಾದದ್ದಕ್ಕಿಂತ ಹೆಚ್ಚು ಕಸಬರಿಗೆ ಕೊಂಡರು. ಶಹಾಪುರ ತಾಲೂಕಿನಲ್ಲಿ ಉಳಿದ ಎಷ್ಟೋ ಬನಗಳು ನೆಲಕ್ಕೆ ಬಿದ್ದವು. ಈಕೆಯದು ನಿಂತಿತ್ತು, ಒಣಗಿದ ಮಣ್ಣು ಮೆತ್ತಿಕೊಂಡು, ಮಾಸಿದ ಹಸಿರು ಕೆಂಪು ಚೂರು ಕಟ್ಟಿಕೊಂಡು. ಅಂಥ ದೊಡ್ಡ ಮನುಷ್ಯಳ ಗುಡಿಸಲ ಮುಂದೆ ಕೂತು ಬರುತ್ತಿದ್ದೆ ಅನ್ನುವ ಹೆಮ್ಮೆ ನನಗೆ ಈಗಲೂ ಇದೆ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಭಾರತ ಸರ್ಕಾರದ ದಂಡು ಬಂತು, ನವಾಬರ ಆಳ್ವಿಕೆ ಹೋಯಿತು, ಪುಂಡರು ಹೇಳಹೆಸರಿಲ್ಲದಂತಾದರು. ಚಳಿ ಬಿದ್ದ ಮೇಲೆ ಒಂದು ಒಳ್ಳೆಯ ದಿನ ನೋಡಿ ಆಯಿ ಗಾಯ ಬಿಚ್ಚಿಸಿದಳು. ನಾನಿದ್ದೆ, ಶರಣಪ್ಪನೂ ಹೂವಿನ ಮಾಲೆ ತಂದಿದ್ದ. ಅಷ್ಟೊತ್ತಿಗೆ ಅವನು ತಾಲೂಕಿಗೇ ದೊಡ್ಡ ಮನುಷ್ಯ, ಹೋದಲ್ಲೆಲ್ಲ ಭಾಷಣ. ಇಲ್ಲೂ ಎರಡು ಮಾತು ಹೇಳಲು ನಿಂತ. ಹೇಳಿ ಮುಗಿಸುವುದರೊಳಗೆ ಬದುವಿನ ಮೇಲಿಂದ ಒಬ್ಬ ಹೊಸ ದರೋಗಾ ಇಳಿದು ಬಂದ. ಹಿಂದೆ ಜವಾನ, ಜವಾನನ ಕೈಯಲ್ಲಿ ಬಣ್ಣದ ಡಬ್ಬಿ, ಬ್ರಷ್ಷು. ಹೊಸ ಸರ್ಕಾರದ ಹುಕುಂ ಅಂತೆ, ಗಿಡಗಳಿಗೆ ನಂಬರು ಹಾಕಬೇಕು, ಗುತ್ತಿಗೆ ಹರಾಜು ಮೊದಲಿನಂತೆಯೇ ಆಗುತ್ತದೆ.

ಶರಣಪ್ಪನ ಕೈಯಲ್ಲಿ ಮಾಲೆ ಹಾಗೇ ಇತ್ತು. ಜವಾನ ಮೊದಲ ಗಿಡದ ಹತ್ತಿರ ಹೋಗಿ ತೊಗಟೆ ಒರೆಸತೊಡಗಿದ. ಆಯಿ ಒಮ್ಮೆ ಜವಾನನನ್ನು ನೋಡಿದಳು, ಒಮ್ಮೆ ಶರಣಪ್ಪನನ್ನು. ಆಕೆ ಈಗ ಏನಾದರೂ ಅಂದರೆ ಈ ಮನುಷ್ಯ ಕುಸಿದು ಬೀಳುತ್ತಾನೆ ಅಂತ ನನಗನಿಸಿತು. ಆಕೆಗೂ ಅನಿಸಿರಬೇಕು. ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಇರ್ಲಿ ಬಿಡಪ್ಪ" ಅಂದಳು. "ನಂಬರ ಬರ್ಯಾಕಾದ್ರೂ ಗಿಡ ಅದಾವಲ್ಲ."